ಹಿಂದಿನ ಸೀಟಿನ ಯಜಮಾನಿ

ಹಳೇ ಕಾರುಗಳ ದಲ್ಲಾಳಿಗೆ ಬಾಯಿ ಮುಚ್ಚುವುದೇ ಗೊತ್ತಿರಲಿಲ್ಲ. ಮಾರಲೆಂದು ತಂದಿದ್ದ ನನ್ನ ಏಳು ಸೀಟಿನ ವ್ಯಾನಿಗೆ ಒಂದು ಪ್ರದಕ್ಷಿಣೆ ಹಾಕಿದವನೇ ಶುರುಹಚ್ಚಿಕೊಂಡ. "ಅಕ್ಕ, ಗಾಡಿ ಗಟ್ಟಿಮುಟ್ಟಾಗಿದೆ. ಆದ್ರೆ ಡ್ರೈವರ್ ಸೀಟೊಂದೇ ಸವೆದಿದೆಯಲ್ಲ? ಮನೇಲಿ ಎಷ್ಟು ಜನ?"

"ಮನೆತುಂಬ ಇದಾರೆ. ನೀವು ಗಾಡಿ ನೋಡಿ ಸಾಕು."

ಸುಳ್ಳು. ಒಂದು ಕಾಲಕ್ಕೆ ಸುಳ್ಳಾಗಿರಲಿಲ್ಲ. ಈ ವ್ಯಾನ್ ಕೊಂಡದ್ದೇ ತಮ್ಮನ ಸಂಸಾರಕ್ಕಾಗಿ. ಅವನು, ಅವನ ಹೆಂಡತಿ, ಮೂರು ಮಕ್ಕಳು, ಅವಳ ಅಮ್ಮ. ಸ್ಟೀರಿಂಗ್ ಹಿಡಿಯಲು ನಾನು. ಮದುವೆ ಬೇಡವೆಂದು ಕೂತವಳಿಗೆ ಭಾನುವಾರ ಬಂತೆಂದರೆ ಕೈತುಂಬ ಕೆಲಸ. ಆಮೇಲೆ ತಮ್ಮ ತನ್ನದೇ ಕಾರು ಕೊಂಡ. ನನ್ನನ್ನು ಒಂದು ಮಾತು ಕೇಳಲಿಲ್ಲ, ಪುಣ್ಯಾತ್ಮ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಜಗಳವಾಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು, ಜಗಳವೂ ಆಗಲಿಲ್ಲ.

ಮಧ್ಯದ ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಕಂಡು ದಲ್ಲಾಳಿ ಒರೆಸುವ ಬಟ್ಟೆ ಕೈಗೆತ್ತಿಕೊಂಡ. ತಮ್ಮನ ಚಿಕ್ಕ ಮಗಳು ಚೆಲ್ಲಿದ್ದು ಅದು. "ಮುಟ್ಬೇಡಿ ಅದನ್ನ!" ಎಂದು ಗದರಿಬಿಟ್ಟೆ. ಆಮೇಲೆ ನನಗೇ ನಾಚಿಕೆಯಾಯಿತು.

ಪಕ್ಕದಲ್ಲೇ ಅವನು ಮಾರಲು ಇಟ್ಟಿದ್ದ ಹಳೆಯ ಐಷಾರಾಮಿ ಕಾರು. ಕಪ್ಪು ಬಣ್ಣ, ಚರ್ಮದ ಸೀಟು, ಒಳಗೆಲ್ಲ ಮರದ ಪಟ್ಟಿ.

"ನಿಮ್ಮ ವ್ಯಾನ್ ಕೊಟ್ಟು ಇದನ್ನ ತಗೊಂಡೋಗಿ. ಜಾಗ ಕಮ್ಮಿ, ಪೆಟ್ರೋಲ್ ನೀರು ಕುಡಿದ ಹಾಗೆ ಕುಡಿಯುತ್ತೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಒಬ್ಬರೇ ಓಡಾಡೋರಿಗೆ ರಾಜಯೋಗ!"

ಒಬ್ಬರೇ ಎಂದದ್ದು ಚುಚ್ಚಿತು. ತಮ್ಮನಿಗೆ ಫೋನ್ ಮಾಡಿದೆ. ಬೇಡಕ್ಕ ಎಂದು ಒಂದು ಮಾತು ಅವನ ಬಾಯಿಂದ ಬಂದರೆ ಸಾಕು, ವ್ಯಾನನ್ನು ಹಾಗೇ ಮನೆಗೆ ತಿರುಗಿಸುವವಳಿದ್ದೆ.

"ವ್ಯಾನ್ ಕೊಟ್ಬಿಡ್ತಿದೀನಿ ಕಣೋ."

"ಒಳ್ಳೇದಾಯ್ತು ಬಿಡಕ್ಕ. ನಿಂಗೊಬ್ಬಳಿಗೆ ಅಷ್ಟು ದೊಡ್ಡ ಗಾಡಿ ಯಾಕೆ? ಇರು, ಮಕ್ಕಳನ್ನ ಈಜೋಕೆ ಕರ್ಕೊಂಡು ಹೊರಟಿದೀವಿ, ಆಮೇಲೆ ಮಾಡ್ತೀನಿ."

ಕಣ್ಣು ತುಂಬಿತು. ಹಾಳಾದ್ದು, ಗುರುತು ಪರಿಚಯ ಇಲ್ಲದವನ ಮುಂದೆ.

ದಲ್ಲಾಳಿ ನೋಡಿಯೂ ನೋಡದವನಂತೆ ಕಪ್ಪು ಕಾರಿನ ಹಿಂದಿನ ಬಾಗಿಲು ತೆಗೆದ. "ಇದರಲ್ಲಿ ಯಜಮಾನರು ಹಿಂದೆ ಕೂರ್ಬೇಕು. ಬನ್ನಿ, ಒಂದು ಸುತ್ತು ನಾನು ಓಡಿಸ್ತೀನಿ."

ಕೂತೆ. ಇಷ್ಟು ವರ್ಷ ಎಲ್ಲರನ್ನೂ ಹೊತ್ತು ತಿರುಗಿದವಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬರುತ್ತಿರಲಿಲ್ಲ. ಅವನದ್ದೇ ಮಾತು. ಎಸಿ ಜಾಸ್ತಿಯಾಯ್ತಾ, ಮುಖಕ್ಕೆ ಬಿಸಿಲು ಬೀಳ್ತಿದೆಯಾ, ಸೇತುವೆ ಕಡೆಯಿಂದ ಹೋಗೋಣ್ವಾ? ನನಗೆ ಬಿಸಿಲು ಬೀಳುತ್ತಿದೆಯೇ ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಎಲ್ಲದಕ್ಕೂ ಹೂಂ ಎಂದೆ.

ಕಾರು ವಾಪಸ್ ಬಂದು ನಿಂತಿತು. "ಹೇಗಿದೆ ಅಕ್ಕ? ವ್ಯಾಪಾರ ಮುಗಿಸಿಬಿಡೋಣ್ವಾ?"

ಕಾರೇನೋ ಹಿಡಿಸಿತ್ತು. ಆದರೆ ಹೂಂ ಎಂದರೆ ಅವನು ಕೀ ಕೊಟ್ಟು ಇಳಿದು ಹೋಗುತ್ತಾನೆ. ಮುಂದಿನ ಸೀಟಿಗೆ ಮತ್ತೆ ನಾನೇ ಹೋಗಬೇಕು.

"ಇನ್ನೂ ಯೋಚನೆ ಮಾಡ್ಬೇಕು," ಎಂದೆ. "ಬರೋ ಭಾನುವಾರ ಇನ್ನೊಂದು ಸಲ ಓಡಿಸಿ ತೋರಿಸ್ತೀರಾ?"