ಸಾಹೇಬರ ನೆರಳಿನ ಮರ

ಕಾಡು ಕಡಿದರೆ ಏನಾಗುತ್ತದೆಂದು ತಿಳಿಹೇಳಲು ಅರಣ್ಯ ಇಲಾಖೆಯ ಝುಹೈರ್ ಸಾಹೇಬರು ಅಟ್ಲಾಸ್ ಬೆಟ್ಟದ ಆ ಹಳ್ಳಿಗೆ ಎರಡನೆಯ ಸಲ ಬರುತ್ತಾರೆಂದಾಗಲೇ ಇಟ್ಟೋ ಎಂಬ ಮುದುಕಿಗೆ ತಲೆನೋವು ಶುರುವಾಗಿತ್ತು. ಭಾಷಣ ಹಾಳಾಗಿ ಹೋಗಲಿ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರಾಯಿತು. ಆದರೆ ಬಂದ ಅತಿಥಿಗೆ ಇಡೀ ಕುರಿಯನ್ನು ಮಣ್ಣಿನ ಗೂಡಿನಲ್ಲಿ ಸುಟ್ಟು ಬಡಿಸದಿದ್ದರೆ ಊರಿನ ಮಾನ ಉಳಿಯುವುದುಂಟೇ? ಬೆರಣಿ ಉರಿಸಿದರೆ ಮಾಂಸ ನಾರುತ್ತದೆ; ಓಕ್ ಕಟ್ಟಿಗೆಯೇ ಆಗಬೇಕು.

ಸಾಹೇಬರು ಜೀಪಿನಿಂದ ಇಳಿದವರೇ ಬೋಳು ಬಯಲಲ್ಲಿ ಕಕ್ಕಾಬಿಕ್ಕಿಯಾಗಿ ನಿಂತರು. ನೆತ್ತಿ ಸುಡುತ್ತಿತ್ತು.

"ಅಜ್ಜೀ, ಹೋದ ವರ್ಷ ನಾನು ನೆರಳಲ್ಲಿ ನಿಂತು ಭಾಷಣ ಮಾಡಿದ್ನಲ್ಲ, ಆ ದೊಡ್ಡ ಓಕ್ ಮರ ಎಲ್ಲಿ? ಯಾವ ಬೇವರ್ಸಿ ಕಡಿದ?"

"ಬಾಯಿಗೆ ಬಂದಂಗೆ ಬೈಬೇಡಿ ಸಾಹೇಬ್ರೇ! ನೀವು ಬರ್ತೀರಂತ ಸುದ್ದಿ ಬಂದ ದಿನಾನೇ ನಾವೇ ಕಡಿದು ಒಣಹಾಕಿದ್ವಿ. ಅಗೋ, ನಿಮ್ಮ ಕುರಿ ಅದ್ರಲ್ಲೇ ಬೇಯ್ತಾ ಇದೆ."

ಮುದುಕಿ ದಿಬ್ಬದ ಕಡೆ ಕೈ ತೋರಿಸಿದಳು.

"ಅಲ್ಲಿ ಇನ್ನೊಂದು ಉಳಿದಿದೆ. ಬರೋ ವರ್ಷವೂ ಬರ್ತೀರೋ ಹೆಂಗೆ, ಈಗ್ಲೇ ಹೇಳಿಬಿಡಿ."

ಸಾಹೇಬರು ಆ ಮರವನ್ನೇ ನೋಡಿದರು. ಅಷ್ಟರಲ್ಲಿ ಗೂಡಿನ ಕಡೆಯಿಂದ ಘಮ ತೇಲಿಬಂತು.

"ಬರ್ತೀನಿ ಅಂತ್ಲೇ ಇಟ್ಕೊಳ್ಳಿ," ಎಂದರು.