ನಮ್ಮ ಫ್ರಿಜ್ಜಿನಲ್ಲಿ ಹಸಿ ಮೂಳೆಗೆ ಜಾಗವಿಲ್ಲ

ಹವಾಲ್ದಾರನ ಬಾಯಿ ನಾರುತ್ತಿತ್ತು. ಹವಾಲ್ದಾರ ಎಂದರೆ ಮನುಷ್ಯನಲ್ಲ. ನೋಯ್ಡಾದ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಕಾವೇರಪ್ಪ, ದೇಚಮ್ಮ ದಂಪತಿ ಸಾಕಿದ ಏಳು ವರ್ಷದ ಲ್ಯಾಬ್ರಡಾರ್ ನಾಯಿ. ಲಿಫ್ಟಿನಲ್ಲಿ ಅದು ಬಾಯಿ ತೆರೆದರೆ ಸಾಕು, ಹೆಂಗಸರು ದುಪಟ್ಟಾದಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ದೇಚಮ್ಮನಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಇದಕ್ಕೆ ಮದ್ದು ಹೇಳಿದವರು ಏಳನೇ ಮಹಡಿಯ ಗೋಪಿನಾಥ. ಮೈಸೂರಿನವರು, ಕಂಪನಿಯಲ್ಲಿ ದೊಡ್ಡ ಹುದ್ದೆ, ಸೊಸೈಟಿಯ ನಾಯಿ ಸಾಕುವವರ ವಾಟ್ಸ್ಆ್ಯಪ್ ಗುಂಪಿಗೆ ಅಡ್ಮಿನ್. ತಾವು ಮೊಟ್ಟೆಯನ್ನೂ ಮುಟ್ಟದವರು. ಆದರೆ ಹಸಿ ಮೂಳೆಯ ಬಗ್ಗೆ ಕೇಳಿ, ಗಂಟೆಗಟ್ಟಲೆ ಭಾಷಣ ಕೊಡುತ್ತಾರೆ.

"ಬೇಯಿಸಿದ ಮೂಳೆ ಸೀಳುತ್ತೆ, ಅದು ಬೇಡ. ಹಸಿ ಮೂಳೆನೇ ಕೊಡಿ ಸಾರ್. ತೋಳ ಏನು ಕುಕ್ಕರ್ ಇಟ್ಟುಕೊಂಡಿತ್ತಾ? ಒಂದು ವಾರದಲ್ಲಿ ಹಲ್ಲು ಫಳಫಳ ಅನ್ನುತ್ತೆ!"

ಕಾವೇರಪ್ಪನಿಗೆ ಅಷ್ಟೇ ಸಾಕಾಯಿತು. ಸೈನ್ಯದಲ್ಲಿ ಹದಿನೆಂಟು ವರ್ಷ ನಾಯಿಗಳನ್ನು ಪಳಗಿಸಿದ ಕೊಡಗಿನ ಮನುಷ್ಯ. ನಾಯಿ ವಿಷಯದಲ್ಲಿ ತಮಗೆ ಗೊತ್ತಿಲ್ಲದ್ದು ಇಲ್ಲ ಎಂಬ ಗತ್ತು. ಮರುದಿನವೇ ದಿಲ್ಲಿಗೆ ಹೋದರು. ಅವರ ಮನೆಯ ಪಂದಿಕರಿಗೆ ಮಾಂಸ ಕೊಡುವ ಅಂಗಡಿಯ ಭಯ್ಯಾ ಹಂದಿಯ ತೊಡೆ ಮೂಳೆಗಳನ್ನು ಪುಕ್ಕಟೆ ಕಟ್ಟಿಕೊಟ್ಟ.

"ನಾಯಿ ನಿಮ್ಮದು, ಒಪ್ಪಿದೆ. ಫ್ರಿಜ್ಜು ನನ್ನದು. ಈ ಮೂಳೆಗಳ ರಕ್ತ ನನ್ನ ಮೊಸರಿನ ಮೇಲೆ ಸೋರುತ್ತಿದೆ," ಎಂದರು ದೇಚಮ್ಮ.

"ನಾಯಿ ಸಾಕೋದನ್ನ ನನಗೆ ಹೇಳಿಕೊಡಬೇಡ ದೇಚು."

ಮೂರನೇ ದಿನ ಬೆಳಿಗ್ಗೆ ಬಾಲ್ಕನಿಯಿಂದ ಟಕ್ ಎಂದು ಸದ್ದು ಬಂತು. ಹವಾಲ್ದಾರ ಒಮ್ಮೆ ಕುಯ್‌ಗುಟ್ಟಿ ಮೂಳೆ ಬಿಟ್ಟು ಎದ್ದ. ಅಂದು ಅನ್ನ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಜೊಲ್ಲು ಸುರಿಸುತ್ತ ಸೋಫಾದ ಕೆಳಗೆ ಮಲಗಿದ.

"ಎರಡು ದಿನ ಬಿಡು, ತಾನೇ ಸರಿಹೋಗುತ್ತೆ," ಎಂದರು ಕಾವೇರಪ್ಪ.

ದೇಚಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮೂವತ್ತೈದು ವರ್ಷ ಗಂಡ ಹೇಳಿದ ಕಡೆಗೆಲ್ಲ ಟ್ರಂಕು ಕಟ್ಟಿದ ಹೆಂಗಸು ಅವರು. ಅಂದು ಯಾರ ಅಪ್ಪಣೆಗೂ ಕಾಯಲಿಲ್ಲ. ನಾಯಿಗೆ ಬೆಲ್ಟ್ ಹಾಕಿ ಒಬ್ಬರೇ ಹೊರಟರು. ಹಿಂದಿ ಅಷ್ಟಕ್ಕಷ್ಟೇ. ಇಬ್ಬರು ಆಟೋದವರು ಆಗಲ್ಲ ಎಂದರು. ಮೂರನೆಯವನು ತಲೆಯಾಡಿಸುವಷ್ಟರಲ್ಲಿ ದೇಚಮ್ಮ ನಾಯಿಯನ್ನು ಎತ್ತಿ ಒಳಗೆ ಹಾಕಿ ತಾವೂ ಕೂತಾಗಿತ್ತು.

"ಕುತ್ತಾ ಬೈಠ್ ಗಯಾ ಭಯ್ಯಾ. ಚಲೋ!"

ಪಶುವೈದ್ಯೆ ಹರಿಣಿ ಹಾಸನದವರು. ಬಾಯಿ ಬಿಡಿಸಿ ನೋಡಿದವರೇ ಮುಖ ಸಪ್ಪೆ ಮಾಡಿದರು. ಮೇಲಿನ ದೊಡ್ಡ ದವಡೆ ಹಲ್ಲು ಸೀಳಿ, ಒಳಗಿನ ನರ ಕಾಣುತ್ತಿತ್ತು. ಅರಿವಳಿಕೆ ಕೊಟ್ಟು ಹಲ್ಲು ಕೀಳಲೇಬೇಕಾಯಿತು. ಸುದ್ದಿ ಕೇಳಿ ಕಾವೇರಪ್ಪ ಓಡಿ ಬಂದರು. ಬಂದರೂ ಪಟ್ಟು ಬಿಡಲಿಲ್ಲ.

"ಮೂಳೆ ಸ್ವಲ್ಪ ಗಟ್ಟಿಯಾಯಿತು ಅಷ್ಟೇ ಡಾಕ್ಟರ್. ಇನ್ನು ಮೇಲೆ ಕೋಳಿದು ಕೊಡ್ತೀನಿ, ಹಸೀದೇ."

"ಗಟ್ಟಿದು ಹಲ್ಲು ಮುರಿಯುತ್ತೆ ಸಾರ್. ಚಿಕ್ಕದು ಗಂಟಲಿಗೆ ಸಿಕ್ಕುತ್ತೆ, ಇಲ್ಲ ಕರುಳಲ್ಲಿ ಕೂರುತ್ತೆ."

"ಹಾಗಾದರೆ ಹಸಿ ಮೂಳೆಯಿಂದ ಲಾಭವೇ ಇಲ್ಲವಾ?"

"ಇಲ್ಲ ಅಂತ ಸುಳ್ಳು ಹೇಳಲ್ಲ. ಜಗಿದರೆ ಹಲ್ಲಿನ ಪಾಚಿ ಸ್ವಲ್ಪ ಸವೆಯಬಹುದು. ಅದನ್ನು ಬ್ರಶ್ಶೂ ಮಾಡುತ್ತೆ, ಹಲ್ಲು ಮುರಿಯದೆ. ಹಸಿ ಮೂಳೆ ಬೇಯಿಸಿದ್ದಕ್ಕಿಂತ ಕಡಿಮೆ ಸೀಳುತ್ತೆ, ಅದೂ ನಿಜ. ಆದರೆ ಕಡಿಮೆ ಅಪಾಯ ಅಂದರೆ ಅಪಾಯವೇ ಇಲ್ಲ ಅಂತ ಅಲ್ಲ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು, ಫ್ರೀಜರಿನಲ್ಲಿಟ್ಟರೂ ಅವು ಪೂರ್ತಿ ಸಾಯಲ್ಲ. ನಾಯಿ ನೋಡೋಕೆ ಚೆನ್ನಾಗೇ ಇರುತ್ತೆ. ನಿಮ್ಮ ಕೈ ನೆಕ್ಕುತ್ತೆ, ವಾಂತಿಭೇದಿ ನಿಮಗೆ ಶುರುವಾಗುತ್ತೆ."

"ನಮ್ಮ ಊರಲ್ಲಿ ನಾಯಿಗಳು ಮೂಳೆ ತಿಂದೇ ಬದುಕಿದವು!"

ದೇಚಮ್ಮ ಈಗ ಎದ್ದು ನಿಂತರು. "ಬದುಕಿದವನ್ನ ಮಾತ್ರ ನೆನಪಿಟ್ಟಿದ್ದೀರಿ. ಹಿತ್ತಲಲ್ಲಿ ಅನ್ನ ಬಿಟ್ಟು ಮಲಗಿ ಸತ್ತವಲ್ಲ, ಅವಕ್ಕೆ ಯಾರು ಕಾರಣ ಹುಡುಕಿದರು? ಅದು ಬಿಡಿ. ನಿಮ್ಮ ಪಲ್ಟನ್ನಿನ ನಾಯಿಗೆ ಯಾವನೋ ಜವಾನ ಹೊರಗಿನ ಮೂಳೆ ತಂದು ಹಾಕಿದ್ದರೆ ಏನು ಮಾಡ್ತಿದ್ರಿ?"

"ಚರ್ಮ ಸುಲಿದುಬಿಡ್ತಿದ್ದೆ! ಡಾಕ್ಟರನ್ನ ಕೇಳದೆ ಒಂದು ಬಿಸ್ಕತ್ತು ಕೂಡ..." ಕಾವೇರಪ್ಪ ಅರ್ಧಕ್ಕೇ ನಿಲ್ಲಿಸಿದರು.

"ಅಚ್ಛಾ! ಸರ್ಕಾರದ ನಾಯಿಗೆ ಡಾಕ್ಟರು, ನಮ್ಮ ಹವಾಲ್ದಾರನಿಗೆ ಗೋಪಿನಾಥ!"

ಕಾವೇರಪ್ಪ ಮೇಜಿನ ಪಕ್ಕ ಹೋಗಿ ನಿಂತರು. ಅಮಲಿನಲ್ಲಿ ಮಲಗಿದ್ದ ನಾಯಿಯ ತಲೆ ಸವರಿದರು, ಕಣ್ಣು ಒದ್ದೆಯಾಯಿತು. ಕಿತ್ತ ಹಲ್ಲನ್ನು ಕೇಳಿ ಪಡೆದರು. ಮನೆಗೆ ಬಂದು ಮೂಳೆಯ ಕಟ್ಟನ್ನು ತಾವೇ ಕಸಕ್ಕೆ ಹಾಕಿ, ಫ್ರಿಜ್ಜು ಸೋಪು ಹಾಕಿ ತೊಳೆದರು. ಹಲ್ಲಿನ ಫೋಟೋವನ್ನು ಗುಂಪಿಗೆ ಕಳಿಸಿದರು: 'ಹಸಿ ಮೂಳೆ ಕೊಟ್ಟೆ. ತಪ್ಪು ನನ್ನದು. ನೀವು ಮಾಡಬೇಡಿ.'

ಹತ್ತು ನಿಮಿಷದಲ್ಲಿ ಫೋಟೋ ಮಾಯ. 'ಸುಮ್ಮನೆ ಹೆದರಿಸಬೇಡಿ' ಎಂದು ಬರೆದು ಗೋಪಿನಾಥ ಕಾವೇರಪ್ಪನನ್ನು ಗುಂಪಿನಿಂದಲೇ ತೆಗೆದುಹಾಕಿದ್ದರು.

"ತೆಗೀಲಿ," ಎಂದರು ದೇಚಮ್ಮ. "ಪಾರ್ಕಿನಿಂದ ಹೇಗೆ ತೆಗೀತಾರೆ ನೋಡೋಣ."

ಮರುದಿನ ಬೆಳಿಗ್ಗೆ ನಾಯಿ ತಿರುಗಾಡಿಸುವವರೆಲ್ಲ ಸೇರುವ ಪಾರ್ಕಿನ ಗೇಟಿನ ಬಳಿ ಗಂಡ ಹೆಂಡತಿ ನಿಂತರು. ಬೆಂಕಿಪೊಟ್ಟಣದಲ್ಲಿ ಹಲ್ಲು. ಒಬ್ಬೊಬ್ಬರಿಗೂ ತೆಗೆದು ತೋರಿಸಿದರು. ಕೆಲವರು ನಕ್ಕರು, ಕೆಲವರು ನಿಂತು ಕೇಳಿದರು. ಕೊನೆಗೆ ಗೋಪಿನಾಥರೂ ತಮ್ಮ ಬೀಗಲ್ ಹಿಡಿದು ಬಂದರು. ದೇಚಮ್ಮ ದಾರಿಗೆ ಅಡ್ಡ ನಿಂತು ಪೊಟ್ಟಣ ತೆರೆದರು.

"ಇದನ್ನ ಡಿಲೀಟ್ ಮಾಡಿ ನೋಡೋಣ."

ಗೋಪಿನಾಥ ಹಲ್ಲನ್ನೇ ನೋಡಿದರು. ಮೆಲ್ಲಗೆ ಬಗ್ಗಿ ತಮ್ಮ ನಾಯಿಯ ತುಟಿ ಎತ್ತಿದರು.

ನಾಯಿ ಸಾಕಿದವರೇ, ನೀವೂ ಇವತ್ತೇ ತುಟಿ ಎತ್ತಿ ನೋಡಿ. ಬಾಯಿ ನಾರಿದರೆ ಪಶುವೈದ್ಯರಿಗೆ ತೋರಿಸಿ, ನಾಯಿಗಳದೇ ಪೇಸ್ಟಿನಿಂದ ಹಲ್ಲುಜ್ಜಿ. ನಮ್ಮ ಪೇಸ್ಟು ಅದಕ್ಕೆ ಆಗದು. ಹಸಿಯಾಗಲಿ ಬೇಯಿಸಿದ್ದಾಗಲಿ, ಮೂಳೆ ಬೇಡ. ಜಗಿಯಲು ಏನು ಕೊಟ್ಟರೂ ಮೊದಲು ಉಗುರು ಒತ್ತಿ ನೋಡಿ. ಗುರುತು ಬೀಳದಿದ್ದರೆ ಅದು ಹಲ್ಲಿಗೆ ಅತಿ ಗಟ್ಟಿ. ಮೂಳೆ ತಿಂದ ನಾಯಿ ಜೊಲ್ಲು ಸುರಿಸಿದರೆ, ವಾಂತಿ ಮಾಡಿದರೆ, ಮಲ ಹಾಕಲು ತಿಣುಕಿದರೆ, ಅನ್ನ ಬಿಟ್ಟರೆ ಮನೆಮದ್ದು ಮಾಡುತ್ತ ಕೂರಬೇಡಿ, ಕೂಡಲೇ ಹೊರಡಿ. ಗುಂಪಿನವರು ನಕ್ಕರೆ ನಗಲಿ, ತೆಗೆದುಹಾಕಿದರೆ ಹಾಕಲಿ. ನೋವಾದಾಗ ಬಾಯಿಬಿಟ್ಟು ಹೇಳಲು ನಿಮ್ಮ ನಾಯಿಗೆ ಬರುವುದಿಲ್ಲ. ಅದರ ಪರವಾಗಿ ನೀವೇ ಜಗಳ ಆಡಬೇಕು.