ಮೂರನೆಯವಳ ಭುಜ

ಮತ್ತೆ ಜಾರಿತು, ಈ ಮೂರನೆಯವಳದ್ದು ಯಾವಾಗಲೂ ಇದೇ ಕತೆ, ಬಲಭುಜದ ಮೇಲೆ ನ್ಯಾಪ್ಕಿನ್ ನಿಲ್ಲುವುದೇ ಇಲ್ಲ, ಉಳಿದಿಬ್ಬರು ಮರ್ಯಾದೆಯಲ್ಲಿ ಸುತ್ತಿಸಿಕೊಂಡು ನಿಂತಿದ್ದಾರೆ, ಇವಳಿಗೆ ಮಾತ್ರ ಎಂಥ ಕೊಬ್ಬೋ — ಕಾರ್ಮೆಲ್‌ಬಾಯಿ ಬಟ್ಟೆ ಬಿಚ್ಚಿ ಮತ್ತೆ ಮಡಚಿದಳು. ಗಿಲೀಟು ಮಾಡಿದ ಕಂಚಿನ ಮೂವರು ಹೆಂಗಸರು, ಮೈಮೇಲೆ ಒಂದು ನೂಲಿಲ್ಲ, ತಲೆಯ ಮೇಲೆ ಹಣ್ಣಿನ ಬುಟ್ಟಿ, ಕಾಲಬುಡದಲ್ಲಿ ದ್ರಾಕ್ಷಿ ಮುಕ್ಕುವ ಆಡಿನ ಕಾಲಿನ ಗಂಡಸು, ಅವನಿಗೂ ಒಂದು ಲಂಗೋಟಿ ಆಗಬೇಕು. ಗ್ರೀಕರ ದೇವತೆಗಳಂತೆ, ಮಾಡಿದ್ದು ಫ್ರಾನ್ಸಿನಲ್ಲಂತೆ, ಇನ್ನೂರು ವರ್ಷವಾಯಿತಂತೆ, ಅಷ್ಟು ವರ್ಷದಲ್ಲಿ ಒಂದು ತುಂಡು ಬಟ್ಟೆ ಹಾಕುವ ಅಂತ ಯಾರಿಗೂ ಕಾಣಲಿಲ್ಲವಾ. ಸಾಹೇಬರು ಪ್ಯಾರಿಸ್ಸಿನಿಂದ ತರಿಸಿದ್ದು, ಊಟದ ಮೇಜಿನಿಂದ ತೆಗೆದರೆ ಸಾಹೇಬರಿಗೆ ಸಿಟ್ಟು, ಬೆತ್ತಲೆ ಬಿಟ್ಟರೆ ಶುಕ್ರವಾರ ಶುಕ್ರವಾರ ಊಟಕ್ಕೆ ಬರುವ ಅವರ ತಾಯಿಗೆ ಸಿಟ್ಟು, ನಡುವೆ ಮೇಡಂ ಅಳುತ್ತಾ ಕೂತಿದ್ದಾಗ ನಾನು ಸುತ್ತಿ ಕೊಡ್ತೇನೆ ಮೇಡಂ ಅಂತ ಬಾಯಿ ಹಾಕಿದ್ದು ಯಾರು, ಈ ಕಾರ್ಮೆಲ್‌ಬಾಯಿಯೇ, ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವಳು. ಗುಂಡುಸೂಜಿ ಚುಚ್ಚುವಂತಿಲ್ಲ, ಗಿಲೀಟು ಗೀರುತ್ತದೆ, ಎಲ್ಲಾ ಸಿಕ್ಕಿಸುವ ಕೆಲಸ, ಮಗಳು ಜೋಯ್ಲಿನ್ ಹಸುಗೂಸಾಗಿದ್ದಾಗ ಅಮ್ಮ ಕಲಿಸಿದ್ದು, ಹೀಗೆ ಸುತ್ತು, ಹೀಗೆ ಒಳಗೆ ತುರುಕು, ಮಗು ಒದ್ದರೂ ಬಿಚ್ಚಬಾರದು.

ಆ ಜೋಯ್ಲಿನ್‌ಗೆ ನಾಳೆ ಮದುವೆ. ಇವತ್ತು ರೋಸ್, ಮದುಮಗಳ ತಲೆಗೆ ತೆಂಗಿನಹಾಲು ಹೊಯ್ಯುವ ದಿನ, ಊರಲ್ಲಿ ಚಪ್ಪರ ಎದ್ದಿರುತ್ತದೆ, ಕಾಯಿ ತುರಿದು ಹಿಂಡಿ ಆಗಿರುತ್ತದೆ, ಇವಳು ಕುವೈತಿನ ಸಲ್ವಾದ ಈ ವಿಲ್ಲಾದಲ್ಲಿ. ಹುಡುಗ ಹಡಗಿನವ ಮೇಡಂ, ದಿನ ಮುಂದೆ ಹಾಕ್ಲಿಕ್ಕೆ ಆಗುದಿಲ್ಲ, ನನಗೆ ಒಬ್ಬಳೇ ಮಗಳು ಅಂತ ರಜೆ ಕೇಳಿದಾಗಲೆಲ್ಲ ಮೇಡಮ್ಮನದು ಒಂದೇ ಮಾತು — ಈ ಶುಕ್ರವಾರ ಒಂದು ಕಳೆಯಲಿ ಕಾರ್ಮೆಲ್. ಕಳೆಯಿತು, ಮತ್ತೊಂದು ಬಂತು. ಇವಳಿಗೆ ಜ್ವರ ಬಂದ ವಾರ ಶ್ರೀಲಂಕಾದ ಹುಡುಗಿ ಸುತ್ತಿದ್ದು ಬಡಿಸುವ ಹೊತ್ತಿಗೆ ಕಳಚಿ ಸಾರಿನ ಬೋಗುಣಿಗೆ ಬಿತ್ತು, ಮುದುಕಿ ಊಟ ಬಿಟ್ಟು ಎದ್ದಳು, ಅಲ್ಲಿಗೆ ಖಲಾಸ್, ನಿನ್ನ ಹಾಗೆ ಯಾರಿಗೂ ಬರುವುದಿಲ್ಲ ಕಾರ್ಮೆಲ್, ಪಾಸ್‌ಪೋರ್ಟು ಮೇಡಮ್ಮನ ಕಪಾಟಿನಲ್ಲೇ ಉಳಿಯಿತು. ಅಚ್ಚುಕಟ್ಟಾಗಿ ಕೆಲಸ ಮಾಡಿದವರಿಗೆ ಸಿಗುವ ಬಹುಮಾನ ಇದು, ಕೆಟ್ಟದಾಗಿ ಸುತ್ತಿದ್ದರೆ ಈಗ ಊರಲ್ಲಿರುತ್ತಿದ್ದಳು, ಬೆಂಕಿ ಬೀಳಲಿ ಈ ಕೈಗೆ. ತಾಯಿ ಎಲ್ಲಿ ಅಂತ ಕೇಳುವವರಿಗೆ ಅತ್ತಿಗೆ ಎಂಥ ಹೇಳುತ್ತಾಳೆ, ಕುವೈತಿನಲ್ಲಿ ಗೊಂಬೆಗಳಿಗೆ ಬಟ್ಟೆ ಉಡಿಸ್ತಾ ಇದ್ದಾಳೆ ಅಂತಲಾ.

ಏಪ್ರನ್ನಿನ ಕಿಸೆಯಲ್ಲಿ ಫೋನು ನಡುಗಿತು, ಅತ್ತಿಗೆ ಕಳಿಸಿದ ವಿಡಿಯೊ — ಜೋಯ್ಲಿನ್ ಕುಳಿತಿದ್ದಾಳೆ, ಅತ್ತಿಗೆಯ ಬಳೆಕೈ, ಹಾಲು ಕೂದಲಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬಲಭುಜಕ್ಕೆ ಇಳಿಯುತ್ತಿದೆ, ಎಲ್ಲರೂ ಹಾಡುತ್ತಿದ್ದಾರೆ, ಮಗಳು ಮಾತ್ರ ನೇರ ಫೋನಿನೊಳಗೆ ನೋಡುತ್ತಿದ್ದಾಳೆ. ಹೊರಗೆ ಕಾರಿನ ಬಾಗಿಲು, ಮುದುಕಿ ಬಂದಳು, ಯಲ್ಲಾ ಕಾರ್ಮೆಲ್, ಬೇಗ ಬೇಗ, ಮೇಡಮ್ಮನ ದನಿ, ಮುಗಿಯಿತಾ, ಆಯಿತು ಮೇಡಂ, ಆಯಿತು, ನ್ಯಾಪ್ಕಿನ್ ಹಿಡಿದ ಕೈ ಮೂರನೆಯವಳ ಭುಜದ ತನಕ ಹೋಯಿತು, ನಿಂತಿತು, ಬಟ್ಟೆ ತಾಗಿದರೆ ರೋಸಿನ ಹಾಲು ಒರೆಸಿಹೋಗುತ್ತದೆ, ಈಗಷ್ಟೇ ಹೊಯ್ದದ್ದು — ಆ ಭುಜ, ಹೊಳೆಯುತ್ತಿರುವ ಆ ಭುಜ, ಇನ್ನೂ ಒದ್ದೆ